ಹಾಡಿ ಇಳಿದ ಮೇಲಿನ ಎರಡು ಗಂಟೆ: ನನ್ನ ಅನುಭವ

ನಾನು ಕುಡಿತ ಬಿಟ್ಟು ಈ ತಿಂಗಳಿಗೆ ನಾಲ್ಕು ವರ್ಷ ಮೂರು ತಿಂಗಳಾಯಿತು. ಅದಕ್ಕೂ ಮೊದಲು ಆರು ಸಲ ಬಿಟ್ಟಿದ್ದೆ, ಆರು ಸಲವೂ ಮತ್ತೆ ಹಿಡಿದಿದ್ದೆ; ಆದ್ದರಿಂದ ಏಳನೆಯ ಸಲ ನಾನು ಹಿಡಿದ ದಾರಿಯನ್ನು ಯಾರೂ ನಂಬದೆ ಹೋದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮಾತ್ರೆ ನುಂಗುವುದು ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರಿಗೆ ಅವಿಶ್ವಾಸವಾಗಿ ಕಂಡಿತು. ಆಸ್ಪತ್ರೆಯಲ್ಲಿ ಜೊತೆಗಿದ್ದ ರೋಗಿಗಳಿಗೆ ನನ್ನ ಪ್ರಾರ್ಥನೆ ಬರಿಯ ಭಾವುಕತೆಯಾಗಿ ಕಂಡಿತು. ಜೊತೆಯಲ್ಲಿ ಹಾಡುವವರಿಗಂತೂ, ಏಳು ತಿಂಗಳು ಹಾಡುವುದನ್ನೇ ನಿಲ್ಲಿಸುತ್ತೇನೆಂಬ ತೀರ್ಮಾನ ಶುದ್ಧ ಹುಚ್ಚಾಗಿ ಕಂಡಿತು. ಸಭೆಗಳಲ್ಲಿ, ಕೂಟಗಳಲ್ಲಿ ನನ್ನಂತೆ ಭಕ್ತಿಗೀತೆ ಹಾಡುವವರಿಗಾಗಿ, ಅದರಲ್ಲೂ ವೇದಿಕೆಯ ಮೇಲೆ ಜನರ ಕಣ್ಣಲ್ಲಿ ನೀರು ತರಿಸಿ, ಇಳಿದ ಮೇಲೆ ಬಾಟಲಿ ಹುಡುಕಿಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವ್ಯಸನವೆಂದರೇನು, ಪಶ್ಚಾತ್ತಾಪವೆಂದರೇನು ಎಂದು ನಿಮಗೆ ವಿವರಿಸಬೇಕಾಗಿಲ್ಲ.

ನಾನು ಸುಮಾರು 14 ವರ್ಷ ಕುಡಿದೆ. ಅದರಲ್ಲಿ ಕೊನೆಯ ಆರು ವರ್ಷ, ಬಿಟ್ಟಿದ್ದ ದಿನಗಳನ್ನು ಹೊರತುಪಡಿಸಿ, ಒಂದು ದಿನವೂ ತಪ್ಪಿಸಲಿಲ್ಲ. ಆ ಅವಧಿಯಲ್ಲೇ ನನ್ನ ಎರಡು ಧ್ವನಿಮುದ್ರಿಕೆಗಳು ಹೊರಬಂದವು, ನೆನಪಿರುವಂತೆ 400ಕ್ಕೂ ಹೆಚ್ಚು ಕೂಟಗಳಲ್ಲಿ ಹಾಡಿದೆ. ಬೈಬಲಿನ ಜ್ಞಾನೋಕ್ತಿಗಳ 23ನೆಯ ಅಧ್ಯಾಯದ ಕೊನೆಯಲ್ಲಿ ಕುಡುಕನ ವರ್ಣನೆಯೊಂದಿದೆ: ಕಾರಣವಿಲ್ಲದ ಗಾಯಗಳು, ಕೆಂಪೇರಿದ ಕಣ್ಣುಗಳು, ಹೊಡೆತ ಬಿದ್ದದ್ದೂ ತಿಳಿಯದ ಮೈ, ಎಚ್ಚರವಾದ ಕೂಡಲೇ ಮತ್ತೆ ಅದನ್ನೇ ಹುಡುಕುವ ಮನಸ್ಸು. ಅದರ ಮೇಲೆ ಬೋಧನೆ ನಡೆದ ಕೂಟವೊಂದರಲ್ಲಿ ಬೋಧನೆಗೆ ಮುಂಚೆ ಮೂರು, ಆಮೇಲೆ ಎರಡು ಹಾಡು ಹಾಡಿ, ಅದೇ ರಾತ್ರಿ ಆ ವರ್ಣನೆಯನ್ನು ಸಾಲುಸಾಲಾಗಿ ನೆರವೇರಿಸಿದವನು ನಾನು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಯನಿಗೆ ಪೌಲನು ಬರೆದದ್ದು ನನಗೆ ಬಾಯಿಪಾಠವಾಗಿತ್ತು. ಅದರಲ್ಲಿರುವ ‘ಸ್ವಲ್ಪ’ ಎಂಬ ಶಬ್ದವನ್ನು ಮಾತ್ರ, ಉಸಿರು ಸಾಲದ ಗಾಯಕನು ಸಾಲಿನ ಕೊನೆಯ ಅಕ್ಷರ ನುಂಗುವಂತೆ, ನುಂಗಿಬಿಡುತ್ತಿದ್ದೆ.

ಮೊದಲ ಸಲ ಬಿಟ್ಟದ್ದು ಸಭೆಯ ಮುಂದೆ ಮೊಣಕಾಲೂರಿ ಮಾಡಿದ ಹರಕೆಯಿಂದ. ಅದು 19 ದಿನ ಉಳಿಯಿತು. ಎರಡನೆಯದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ಪ್ರಾಣವೇ ಹೋಗಬೇಕಾಗಿತ್ತು. ಮೂರು ದಿನದ ಉಪವಾಸ ಪ್ರಾರ್ಥನೆಗೆ ಕುಳಿತವನು ಅಂದೇ ಕುಡಿತವನ್ನೂ ನಿಲ್ಲಿಸಿದೆ. ಮೊದಲ ಸಂಜೆಗೇ ಕೈ ನಡುಗತೊಡಗಿತು, ಬೆವರು ಸುರಿಯಿತು. ಎರಡನೆಯ ರಾತ್ರಿ ಮೈ ಸೆಟೆದು ಫಿಟ್ಸ್ ಬಂದು ಬಿದ್ದೆ. ಸುತ್ತಲಿದ್ದವರು ದುರಾತ್ಮ ಹೊರಡುತ್ತಿದೆಯೆಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಪ್ರಾರ್ಥಿಸಿದರು. ಅವರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ವರ್ಷಗಟ್ಟಲೆ ಪ್ರತಿದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಭ್ರಮಿಸಿ ಇಲ್ಲದ್ದು ಕಾಣಬಹುದು, ಕೆಲವರು ಸತ್ತೇ ಹೋಗುತ್ತಾರೆ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಕ್ಕ ಬಂದು ವಾಹನ ತರಿಸಿ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದೆ. ಆಸ್ಪತ್ರೆಯಿಂದ ಹೊರಬಂದ ಎಂಟನೆಯ ದಿನಕ್ಕೆ ಮತ್ತೆ ಕುಡಿದೆ. ಈ ಬರಹದಲ್ಲಿ ಉಳಿದ ಯಾವುದನ್ನು ನೀವು ಒಪ್ಪದಿದ್ದರೂ ಇದೊಂದನ್ನು ಒಪ್ಪಿ: ಮೊದಲ ವಾರವನ್ನು ವೈದ್ಯರ ಕಣ್ಣ ಮುಂದೆ ಕಳೆಯಬೇಕು, ಪ್ರಾರ್ಥನೆಯನ್ನು ಆಸ್ಪತ್ರೆಯ ಮಂಚದ ಮೇಲೂ ಮಾಡಬಹುದು.

ಮೂರನೆಯದು ಹಣ ಕಟ್ಟಿ ಸೇರಿದ 28 ದಿನಗಳ ವಸತಿ ಶಿಬಿರ. ಅದಕ್ಕಾಗಿ ಕೀಬೋರ್ಡನ್ನೂ ಎರಡು ಒಳ್ಳೆಯ ಮೈಕುಗಳನ್ನೂ ಮಾರಿದೆ. ಐದು ತಿಂಗಳು ಚೆನ್ನಾಗಿಯೇ ಇದ್ದು, ಮತ್ತೆ ಹಾಡಿದ ಮೊದಲ ದೊಡ್ಡ ಕೂಟದ ರಾತ್ರಿಯೇ ಬಿದ್ದೆ. ಅದಕ್ಕೆ ಶಿಬಿರವನ್ನು ದೂರಿದೆ, ಸೈತಾನನನ್ನು ದೂರಿದೆ, ತಬಲ ನುಡಿಸುವವನನ್ನೂ ದೂರಿದೆ; ದಿನಾಂಕವನ್ನು ಮಾತ್ರ ನೋಡಲಿಲ್ಲ.

ನಾಲ್ಕನೆಯ ಸೋಲಿನ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ಬಿಟ್ಟು ಮೂರೇ ವಾರಕ್ಕೆ ಸಾಕ್ಷಿ ಹೇಳಲು, ಅಂದರೆ ದೇವರು ನನ್ನನ್ನು ಕುಡಿತದಿಂದ ಬಿಡಿಸಿದ ಕಥೆಯನ್ನು ಜನರ ಮುಂದೆ ಹೇಳಲು, ಆರಂಭಿಸಿದೆ. ಬಿಡುಗಡೆ ಹೊಂದಿದ ಗಾಯಕನೆಂದರೆ ಕರೆಗಳಿಗೆ ಕೊರತೆಯಿಲ್ಲ. ಎಂಟು ವಾರದಲ್ಲಿ 20ಕ್ಕೂ ಹೆಚ್ಚು ಕಡೆ ಸಾಕ್ಷಿ ಹೇಳಿದೆ; ಪ್ರತಿ ಸಲವೂ ನನ್ನ ಕುಡಿತ ಕಥೆಯಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚುತ್ತಾ ಹೋಯಿತು, ಜನರ ಅಳುವೂ ಅದಕ್ಕೆ ತಕ್ಕಂತೆ ಹೆಚ್ಚಿತು. ಹನ್ನೊಂದನೆಯ ವಾರ, ಅತ್ಯಂತ ಚೆನ್ನಾಗಿ ಸಾಕ್ಷಿ ಹೇಳಿದ ರಾತ್ರಿ, ಕುಡಿದೆ. ಮರುದಿನವೂ ಸಾಕ್ಷಿ ಹೇಳಬೇಕಾಗಿತ್ತು, ಹೇಳಿದೆ ಕೂಡ. ಅಂದು ಬಾಯಿಯ ವಾಸನೆ ಮರೆಮಾಡಲು ಲವಂಗ ಜಗಿಯುತ್ತಾ ಕೃಪೆಯ ಕುರಿತು ಮಾತನಾಡಿದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಹೊಸದಾಗಿ ಬಿಟ್ಟವರನ್ನು ವೇದಿಕೆಗೆ ಹತ್ತಿಸುವ ಸಭಾಪಾಲಕರ ಮೇಲೆ ನನಗೆ ಸಿಟ್ಟಿದೆ. ಕನಿಷ್ಠ ಎರಡು ವರ್ಷ ಕಾಯಿರಿ ಎಂದು ಈಗ ಎದುರಿಗೇ ಹೇಳುತ್ತೇನೆ.

ಐದನೆಯ ಸಲ ಮಾದಕವಿಲ್ಲದ ಬಿಯರ್ ಎಂಬ ಬುದ್ಧಿವಂತಿಕೆಯನ್ನು ಪರೀಕ್ಷಿಸಿದೆ. ವಾಸನೆ, ನೊರೆ, ಗ್ಲಾಸು ಹಿಡಿಯುವ ಭಂಗಿ ಎಲ್ಲವೂ ಅದೇ ಆದ್ದರಿಂದ ನಾಲ್ಕು ವಾರದೊಳಗೆ ಅಸಲಿಗೇ ಹೋದೆ. ಆರನೆಯ ಸಲ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಂಡೆ. ದೇಹದೊಳಗೆ ಮದ್ಯವು ಪೂರ್ತಿ ಒಡೆದು ಕರಗದಂತೆ ಅದು ನಡುವೆ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಉರಿದು, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ನಾನು ಜಾಣನೆಂದು ತಿಳಿದು, ಮುಂದಿನ ಶನಿವಾರದ ಕೂಟಕ್ಕೆಂದು ಮೂರು ದಿನ ಮೊದಲೇ ಮಾತ್ರೆ ನಿಲ್ಲಿಸಿ, ಹಾಡಿದ ಮೇಲೆ ಕುಡಿದೆ. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದೆಂಬುದು ವೇದಿಕೆಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಉರುಳಾಡುವಾಗ ಅರ್ಥವಾಯಿತು.

ಆ ಸಲ ಅಕ್ಕ ನನಗೆ ಉಪದೇಶ ಮಾಡಲಿಲ್ಲ. ಹಳೆಯ ಡೈರಿಗಳನ್ನು ತಂದು, ಆರು ಸಲವೂ ನಾನು ಮತ್ತೆ ಕುಡಿದ ದಿನಾಂಕಗಳನ್ನೂ ಹಾಡಿದ ಕಾರ್ಯಕ್ರಮಗಳ ದಿನಾಂಕಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟಳು. ಆರರಲ್ಲಿ ಐದು ಸಲ ನಾನು ಕುಡಿದದ್ದು ಹಾಡಿದ ರಾತ್ರಿ ಅಥವಾ ಸಾಕ್ಷಿ ಹೇಳಿದ ರಾತ್ರಿ. ಅದೂ ಚೆನ್ನಾಗಿ ಹಾಡಿದ ರಾತ್ರಿ, ಇಳಿದ ಎರಡು ಗಂಟೆಯೊಳಗೆ. ದುಃಖದಲ್ಲಿ ಕುಡಿಯುತ್ತೇನೆಂದು 14 ವರ್ಷ ನಂಬಿದ್ದವನಿಗೆ, ನಾನು ಕುಡಿಯುತ್ತಿದ್ದದ್ದು ಆನಂದದ ಇಳಿಜಾರಿನಲ್ಲಿ ಎಂಬುದು ಒಂದು ಹಾಳೆಯ ಮೇಲೆ ಕಂಡಿತು. ನಿಮಗೂ ಅದು ಗೊತ್ತಿರುತ್ತದೆ: ಸಾವಿರ ಜನ ಒಟ್ಟಿಗೆ ಕೈ ಎತ್ತಿದಾಗ ಮೈಯಲ್ಲಿ ಏಳುವ ಅಲೆ, ಆಮೇಲೆ ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಕುಳಿತಾಗ ಅದು ಎಲ್ಲವನ್ನೂ ಎಳೆದುಕೊಂಡು ಹಿಂದೆ ಸರಿಯುವ ರೀತಿ. ಆ ಅಲೆಯೆಲ್ಲವೂ ಪವಿತ್ರಾತ್ಮನ ಅಭಿಷೇಕ, ಅಂದರೆ ದೇವರ ಆತ್ಮವೇ ಮೈಮೇಲೆ ಇಳಿಯುವುದು, ಎಂದೇ ನಾನು ತಿಳಿದಿದ್ದೆ. ಅಭಿಷೇಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಹಸಿದು ಬೆವರಿದ ದೇಹಕ್ಕೆ ಅಭಿಷೇಕ ಯಾವುದು, ಬರಿಯ ಅಮಲು ಯಾವುದು ಎಂದು ತಿಳಿಯುವುದಿಲ್ಲ. ಸುವಾರ್ತಾ (ಗಾಸ್ಪೆಲ್) ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರಾದ ಅಮೆರಿಕದ ಥಾಮಸ್ ಡಾರ್ಸಿ ಮೊದಲು ರಾತ್ರಿಕೂಟಗಳ ಬ್ಲೂಸ್ ಎಂಬ ಲೌಕಿಕ ಸಂಗೀತ ನುಡಿಸುತ್ತಿದ್ದವರು. ಆ ತಾಳದ ಸೆಳೆತ ಎರಡೂ ಕಡೆ ಒಂದೇ ಎಂದು ನಾನು ಹೇಳಿದಾಗ ನಮ್ಮ ಗಾಯನ ಮಂಡಳಿಯವರು ಮುಖ ಸಿಂಡರಿಸಿದರು.

ಹಾಳೆಯನ್ನು ನೋಡಿದ ವಾರವೇ ಬೈಬಲಿನ ಪ್ರವಾದಿ ಎಲೀಯನ ಕಥೆಯನ್ನು ಮತ್ತೆ ಓದಿದೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿ ಗೆದ್ದವನು ಮರು ಅಧ್ಯಾಯದಲ್ಲೇ ಅಡವಿಗೆ ಓಡಿ, ಗಿಡದ ಕೆಳಗೆ ಕುಳಿತು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ದೇವರು ಅವನಿಗೆ ಆಗ ಬೋಧನೆ ಮಾಡಿಸುವುದಿಲ್ಲ, ಹಾಡಿಸುವುದಿಲ್ಲ. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ; ಅವನು ತಿಂದು ಮಲಗುತ್ತಾನೆ; ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಎಷ್ಟೋ ಬೋಧನೆಗಳಲ್ಲಿ ಈ ಭಾಗವನ್ನು ಕೇಳಿದ್ದೆ, ಎಲ್ಲರೂ ಅವಸರವಾಗಿ ದೇವರು ಮೆಲುದನಿಯಲ್ಲಿ ಮಾತನಾಡುವ ಮುಂದಿನ ಪ್ರಸಂಗಕ್ಕೆ ದಾಟುತ್ತಿದ್ದರು. ನನ್ನ ಕ್ರಮವೆಲ್ಲ ಹುಟ್ಟಿದ್ದು ಆ ರೊಟ್ಟಿಯಿಂದ ಎಂದರೆ ಹಿರಿಯರು ಈಗ ಒಪ್ಪುತ್ತಾರೆ, ಆಗ ನಕ್ಕಿದ್ದರು.

ಮೊದಲು ಆಸ್ಪತ್ರೆ. ಒಂಬತ್ತು ದಿನ ಮಲಗಿಸಿ, ನಡುಕ ತಡೆಯುವ ಔಷಧವನ್ನು ದಿನೇದಿನೇ ಇಳಿಸುತ್ತಾ, ಬಿ1 ಜೀವಸತ್ವ ಕೊಡುತ್ತಾ ನಿಲ್ಲಿಸಿದರು. ಹೊರಬಂದ ಮೇಲೆ ಡೈಸಲ್ಫಿರಾಮ್ ಮತ್ತೆ ಆರಂಭವಾಯಿತು, ಆದರೆ ಈ ಸಲ ಮಾತ್ರೆಯ ಡಬ್ಬಿ ಅಕ್ಕನ ಬಳಿ ಇತ್ತು. ಹಾಡುವವರು ಇಲ್ಲೊಂದು ಎಚ್ಚರ ವಹಿಸಬೇಕು: ನಾವು ಬಳಸುವ ಬಾಯಿ ಮುಕ್ಕಳಿಸುವ ದ್ರಾವಣಗಳು, ಕೆಮ್ಮಿನ ಸಿರಪ್ಪುಗಳು, ಗಂಟಲಿಗೆ ಸಿಂಪಡಿಸಿಕೊಳ್ಳುವ ಔಷಧಗಳು ಹಲವುಗಳಲ್ಲಿ ಮದ್ಯಸಾರ ಇರುತ್ತದೆ. ನಾನು ಏಳು ಸೀಸೆಗಳನ್ನು ಎಸೆದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಪಾತ್ರೆಯೂ ಒಂದು ಸಮಸ್ಯೆಯೇ. ಅಸಲಿ ದ್ರಾಕ್ಷಾರಸ ಕೊಡುವ ಸಭೆಯಲ್ಲಿ ನಾನು ರೊಟ್ಟಿಯನ್ನಷ್ಟೇ ತೆಗೆದುಕೊಂಡೆ, ಕೆಲವರು ಪಿಸುಗುಟ್ಟಿದರು. ಹುದುಗದ ದ್ರಾಕ್ಷಿರಸ ಬಳಸುವುದು ಅಭಕ್ತಿಯೆಂದು ವಾದಿಸಿದ ಹಿರಿಯರೊಬ್ಬರಿಗೆ, 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ಪಂಥದ ದಂತವೈದ್ಯರು ರಸವನ್ನು ಕಾಯಿಸಿ ಹುದುಗದಂತೆ ಮಾಡಿದ್ದು ಇದೇ ಭೋಜನಕ್ಕಾಗಿಯೇ ಎಂದು ಹೇಳಿ ಬಾಯಿ ಮುಚ್ಚಿಸಿದೆ. ಸ್ವಲ್ಪ ಗರ್ವದಿಂದಲೇ ಹೇಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಈಗ ಅಲ್ಲಿ ಎರಡೂ ಬಗೆಯ ಲೋಟಗಳನ್ನು ಇಡುತ್ತಾರೆ.

ಆಮೇಲೆ ಏಳು ತಿಂಗಳ ಮೌನ. ಯಾವ ಸಭೆಯಲ್ಲೂ ಹಾಡಲಿಲ್ಲ, ಮನೆಯಲ್ಲೂ ರಾಗವೆತ್ತಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಬೈಬಲಿನ ಕೀರ್ತನೆಗಳನ್ನು ರಾಗವಿಲ್ಲದೆ ಗಟ್ಟಿಯಾಗಿ ಓದುತ್ತಿದ್ದೆ, ದಿನಕ್ಕೆ ಐದರಂತೆ. ತಿಂಗಳಿಗೆ 150 ಮುಗಿಯುತ್ತಿದ್ದವು. ಮೊದಲ ಎರಡು ಸುತ್ತು ಏನೂ ಆಗಲಿಲ್ಲ, ಬೇಸರವೇ ಆಯಿತು. ನನ್ನ ಮೆಟ್ಟುಗಳು ಒಳಗೆ ಬಂದು ಅಡ್ಡ ನಿಲ್ಲುತ್ತಿದ್ದವು. ಮೂರನೆಯ ಸುತ್ತಿನಲ್ಲಿ 40ನೆಯ ಕೀರ್ತನೆಗೆ ಬಂದಾಗ, ಕೆಸರಿನಿಂದ ಎತ್ತಿ ಬಂಡೆಯ ಮೇಲೆ ನಿಲ್ಲಿಸಿದ ಮೇಲೆಯೇ ಅಲ್ಲಿ ಹೊಸ ಹಾಡು ಬರುತ್ತದೆ ಎಂಬುದು ಕಣ್ಣಿಗೆ ಬಿತ್ತು. ನಾನು 14 ವರ್ಷ ಕೆಸರಿನಲ್ಲಿ ನಿಂತೇ ಹೊಸ ಹಾಡು ಬೇಕೆನ್ನುತ್ತಿದ್ದೆ. ಅಂದು ಅತ್ತೆ, ಕೇಳುವವರಿಲ್ಲದ ಕಡೆ ಅತ್ತದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ ಎಂಬ ಯಾಕೋಬನ ಮಾತನ್ನು ಒಬ್ಬರ ಮುಂದೆ ಮಾತ್ರ ನೆರವೇರಿಸಿದೆ. ಅವರು ಹಿಂದೊಮ್ಮೆ ನನ್ನ ಹಾಡಿಗೆ ಆರ್ಗನ್ ನುಡಿಸಿದ್ದ ಹಿರಿಯರು, ಆಗಲೇ ಕುಡಿತ ಬಿಟ್ಟು 19 ವರ್ಷವಾಗಿದ್ದವರು. ಎರಡು ಸಂಜೆ ಬೇಕಾಯಿತು. ಹಣ ಕದ್ದದ್ದು, ಸುಳ್ಳು ಸಾಕ್ಷಿ, ಎಲ್ಲವನ್ನೂ ಹೇಳಿದೆ. ಅವರು ಮೆಚ್ಚಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ಕಥೆಯನ್ನು ಹೇಳಿದರು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವರು ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು. ಅಮೆರಿಕದ ಆಕ್ರನ್ ಎಂಬ ಊರಿಗೆ ಹೋದಾಗ ವ್ಯವಹಾರ ಕೈಕೊಟ್ಟು, ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದಾಗ ಪಾನಗೃಹದ ಸದ್ದು ಕೇಳಿ ಮನಸ್ಸು ಜಾರತೊಡಗಿತು. ಅವರು ಹೋದದ್ದು ದೂರವಾಣಿಯ ಕಡೆಗೆ. ಊರಿನ ಸಭೆಗಳಿಗೆ ಕರೆಮಾಡುತ್ತಾ ಮತ್ತೊಬ್ಬ ಕುಡುಕನನ್ನು ಹುಡುಕಿದರು, ಮುಂದೆ ಅವರೊಡನೆ ಸಂಘ ಕಟ್ಟಿದ ಡಾಕ್ಟರ್ ಬಾಬ್ ಸಿಕ್ಕಿದರು. ‘ನಿನಗೂ ಬೇಕಾಗಿರುವುದು ಆ ಎರಡು ಗಂಟೆಗೆ ಒಂದು ಫೋನು, ಅಷ್ಟೆ’ ಎಂದು ಹಿರಿಯರು ಹೇಳಿದಾಗ, ಎಲೀಯನ ರೊಟ್ಟಿಗೆ ಇದೂ ಸೇರಿತು.

ಏಳು ತಿಂಗಳ ನಂತರ 30 ಜನರ ಸಣ್ಣ ಪ್ರಾರ್ಥನಾ ಕೂಟದಿಂದ ಮತ್ತೆ ಆರಂಭಿಸಿದೆ. ವೇದಿಕೆ ಇಳಿದ ಹತ್ತು ನಿಮಿಷದೊಳಗೆ ಆ ಆರ್ಗನ್ ಹಿರಿಯರಿಗೆ ಕರೆ ಮಾಡಬೇಕು, ಹಾಡು ಹೇಗಾಯಿತೆಂದು ಹೇಳಬಾರದು. ಆಮೇಲೆ ತಂತಿಗಳನ್ನು ಸುತ್ತುವುದು, ಪೆಟ್ಟಿಗೆಗಳನ್ನು ಎತ್ತುವುದು. ಈ ಕೆಲಸವನ್ನು ಗಾಯಕರು ಮಾಡುವುದಿಲ್ಲ, ಆದರೆ ಹೊಗಳಲು ಬಂದವರು ಪೆಟ್ಟಿಗೆ ಹೊತ್ತವನ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿಯೇ ಹೊಟ್ಟೆ ತುಂಬ ಊಟ. ಒಂಟಿ ಕೋಣೆಯಲ್ಲಿ ಮಲಗುವಂತಿಲ್ಲ. ಜೊತೆಗೊಬ್ಬರು ಬರುವ ಖರ್ಚನ್ನು ಕರೆದವರು ಕೊಡದಿದ್ದರೆ ನನ್ನ ಗೌರವಧನದಿಂದಲೇ ಕೊಡುತ್ತೇನೆ. ಮಲಗುವ ಮೊದಲು 130ನೆಯ ಕೀರ್ತನೆ, ರಾಗವಿಲ್ಲದೆ. ಕಾರ್ಯಕ್ರಮದ ಕೊನೆಯ ಹಾಡನ್ನು ಆರಿಸುವುದರಲ್ಲೂ ಒಂದು ಉಪಾಯವಿದೆ: ಅಲೆಯನ್ನು ವೇದಿಕೆಯ ಮೇಲೆಯೇ ಇಳಿಸಿಬಿಡಬೇಕು, ಜನರೇ ಹಾಡುತ್ತಿರುವಾಗ ನಾನು ಮೆಲ್ಲನೆ ಹಿಂದೆ ಸರಿದಿರಬೇಕು. ಯಾವ ಶ್ರುತಿ, ಎಷ್ಟು ಸುತ್ತು, ಎಲ್ಲಿ ವಾದ್ಯ ನಿಲ್ಲಿಸಬೇಕು ಎಂಬುದು ನನ್ನಲ್ಲೇ ಇರಲಿ. ನಾಲ್ಕು ವರ್ಷದಲ್ಲಿ ಯಾವ ಸಂಘಟಕರೂ ಅದನ್ನು ಗುರುತಿಸಿಲ್ಲ, ಕೂಟ ಶಾಂತವಾಗಿ ಮುಗಿಯಿತೆಂದು ಮಾತ್ರ ಹೇಳುತ್ತಾರೆ. ಹಿರಿಯರ ಜೊತೆ ಫೋನಿನಲ್ಲಿ ಮೊದಲು ಆಡುವ ಮಾತನ್ನೂ ಬರೆಯುವುದಿಲ್ಲ; ಅದು ನಮ್ಮಿಬ್ಬರದು.

ಹಣದ ವಿಷಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಕ್ಕ ಹಳೆಯ ಲೆಕ್ಕ ತೆಗೆದಾಗ, ಕೊನೆಯ ವರ್ಷಗಳಲ್ಲಿ ನಾನು ಗಳಿಸಿದ ಪ್ರತಿ ನೂರರಲ್ಲಿ ಸುಮಾರು 40 ನೇರವಾಗಿ ಕುಡಿತಕ್ಕೆ ಹೋಗಿತ್ತು. ಇನ್ನೂ 15ರಷ್ಟು ಅದನ್ನು ಮುಚ್ಚಿಡಲು, ಅಂದರೆ ತಪ್ಪಿದ ಕಾರ್ಯಕ್ರಮಗಳ ಮುಂಗಡ ಮರಳಿಸಲು, ಬಾಡಿಗೆ ವಾಹನಗಳಿಗೆ, ಒಡೆದ ಸಾಮಾನುಗಳಿಗೆ ಹೋಗಿತ್ತು. ಏಳನೆಯ ಸಲದ ಆಸ್ಪತ್ರೆಯ ಖರ್ಚು ಎರಡು ತಿಂಗಳ ಗಳಿಕೆಗೆ ಸಮ. ಏಳು ತಿಂಗಳ ಮೌನದಲ್ಲಿ ಗಳಿಕೆ ಬಹುಮಟ್ಟಿಗೆ ಸೊನ್ನೆಯೇ, ನಾಲ್ಕು ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳಿದ್ದಷ್ಟೇ. ಈಗಲೂ ಗೌರವಧನ ನನ್ನ ಕೈಗೆ ಬರುವುದಿಲ್ಲ, ನೇರವಾಗಿ ಅಕ್ಕನ ಖಾತೆಗೆ ಹೋಗುತ್ತದೆ. ವಾರಕ್ಕೊಮ್ಮೆ ಕೈಖರ್ಚು ಕೇಳಿ ಪಡೆಯುತ್ತೇನೆ. ಈ ವಯಸ್ಸಿನಲ್ಲಿ ಇದು ಅವಮಾನವಲ್ಲವೇ ಎಂದು ಕೇಳಿದ ಸಹಗಾಯಕರೊಬ್ಬರು ಮರುವರ್ಷ ನನ್ನ ಬಳಿ ಸಾಲ ಕೇಳಿದರು. ಎರಡನೆಯ ವರ್ಷದ ಕೊನೆಗೆ ನನ್ನ ಸಾಲ ತೀರಿತು, ಮೂರನೆಯ ವರ್ಷ ಹೊಸ ಕೀಬೋರ್ಡ್ ಬಂತು.

ಧ್ವನಿಯ ಮೇಲೆ ನಡೆಸಿದ ಪರೀಕ್ಷೆಯನ್ನೂ ಹೇಳುತ್ತೇನೆ, ನಿಮಗೆ ಕುತೂಹಲವಿರುತ್ತದೆ. ಮೌನದ ತಿಂಗಳುಗಳಲ್ಲಿ ಇದೊಂದಕ್ಕೆ ಮಾತ್ರ ವಿನಾಯಿತಿ ಇತ್ತು: ಸೋಮವಾರ ಬೆಳಿಗ್ಗೆ ಐದು ನಿಮಿಷ ಅದೇ ಸ್ವರಗಳನ್ನು ಅದೇ ಶ್ರುತಿಯಲ್ಲಿ ಹಾಡಿ ಧ್ವನಿಮುದ್ರಿಸುತ್ತಿದ್ದೆ. ಕುಡಿತದಿಂದ ಗಂಟಲು ಒಣಗುವುದಷ್ಟೇ ಅಲ್ಲ, ರಾತ್ರಿ ಹೊಟ್ಟೆಯ ಹುಳಿ ಮೇಲೇರಿ ಧ್ವನಿತಂತುಗಳನ್ನು ಸುಡುತ್ತದೆ. ನನ್ನ ಮೇಲಿನ ಮೂರು ಸ್ವರಗಳು ಹೋಗಿದ್ದವು, ಅದನ್ನು ವಯಸ್ಸಿನ ತಲೆಗೆ ಕಟ್ಟಿದ್ದೆ. ಎರಡು ತಿಂಗಳಿಗೆ ಬೆಳಗಿನ ಗೊಗ್ಗರು ಹೋಯಿತು. ಒಂಬತ್ತನೆಯ ತಿಂಗಳ ಹೊತ್ತಿಗೆ ಎರಡು ಸ್ವರಗಳು ಮರಳಿದವು. ಮೂರನೆಯದು ಬರಲಿಲ್ಲ, ಬರುವುದೂ ಇಲ್ಲ ಎನಿಸುತ್ತದೆ. ಹಳೆಯ ಹಾಡುಗಳನ್ನೆಲ್ಲ ಒಂದು ಮೆಟ್ಟಿಲು ಇಳಿಸಿಕೊಂಡಿದ್ದೇನೆ. ಪೌಲ ಮತ್ತು ಸೀಲರು ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದಂತೆ, ಕುಡಿಯಬೇಕೆನಿಸಿದಾಗ ಮಧ್ಯರಾತ್ರಿ ಹಾಡುವುದನ್ನೂ ಮುಂದೆ ಒಂದು ವಾರ ಪರೀಕ್ಷಿಸಿದೆ. ಅದು ನನ್ನ ವಿಷಯದಲ್ಲಿ ಕೆಲಸ ಮಾಡಲಿಲ್ಲ, ಅಲೆ ಮತ್ತೆ ಎದ್ದಿತು, ಪಕ್ಕದ ಮನೆಯವರೂ ಎದ್ದರು. ಕುಡಿತದ ಜಾಗಕ್ಕೆ ಸಿಹಿ ತಿನ್ನುವುದು ಕೆಲಸ ಮಾಡಿತು, ಮೈಗೆ ಎಂಟು ಕಿಲೋ ಸೇರಿತು. ಉಪವಾಸವನ್ನು ಮಾತ್ರ ಬಿಟ್ಟಿದ್ದೇನೆ. ಹಸಿವು ಮತ್ತು ಕುಡಿಯುವ ಬಯಕೆ ನನ್ನ ಮೈಯಲ್ಲಿ ಒಂದೇ ಬಾಗಿಲಿನಿಂದ ಬರುತ್ತವೆ.

ಇನ್ನೂ ಸರಿಹೋಗದೆ ಉಳಿದಿರುವುದು ಡಿಸೆಂಬರ್. ಕ್ರಿಸ್ಮಸ್ ಹತ್ತಿರವಾದಂತೆ ಒಂದೇ ಸಂಜೆ ಎರಡು, ಕೆಲವೊಮ್ಮೆ ಮೂರು ಕಡೆ ಹಾಡಬೇಕಾಗುತ್ತದೆ. ಮೊದಲನೆಯ ಕೂಟದ ಎರಡು ಗಂಟೆ ಮುಗಿಯುವ ಮೊದಲೇ ಮುಂದಿನ ಅಲೆ ಏಳುತ್ತದೆ, ಊಟ ತಪ್ಪುತ್ತದೆ, ಹಿರಿಯರೂ ಆ ಹೊತ್ತಿಗೆ ಎಲ್ಲೋ ಆರ್ಗನ್ ನುಡಿಸುತ್ತಿರುತ್ತಾರೆ. ಕಳೆದ ಡಿಸೆಂಬರಿನ ಒಂದು ರಾತ್ರಿ ನಾಲ್ಕು ಸಲ ಕರೆ ಮಾಡಿದರೂ ಅವರು ಸಿಗದೆ, ವಾಹನದಲ್ಲಿ ಕುಳಿತು ಕೈ ನೋಡಿಕೊಂಡೆ, ನಡುಗುತ್ತಿತ್ತು. ಅಕ್ಕ ಹಿಂದಿನ ಆಸನದಿಂದ ಬುತ್ತಿಯನ್ನು ತೆಗೆದು ಮುಂದೆ ಚಾಚಿದಳು, ಮೂರನೆಯ ಕಡೆಗೆ ತಡವಾಗಿ ಹೋದೆವು, ಅವರು ಬೇಸರಪಟ್ಟು ಗೌರವಧನದಲ್ಲಿ ಅರ್ಧ ಕಡಿಮೆ ಕೊಟ್ಟರು. ಈ ವರ್ಷ ಸಂಜೆಗೆ ಒಂದೇ ಕೂಟವೆಂದು ನಿಶ್ಚಯಿಸಿ, ಈಗಾಗಲೇ ಐದು ಕಡೆಯವರಿಗೆ ಆಗುವುದಿಲ್ಲವೆಂದು ತಿಳಿಸಿದ್ದೇನೆ.